ಕೆರೆ ಏರಿಯೇ ನಮ್ಮ ಲ್ಯಾಬು

ಇಂಟರ್ನಲ್ಸ್, ಅಸೈನ್‌ಮೆಂಟು, ಲ್ಯಾಬ್ ರೆಕಾರ್ಡು ಇವುಗಳ ನಡುವೆ ನಮಗೆ ಉಸಿರಾಡೋಕೆ ಸಿಗೋದು ಒಂದೇ ಭಾನುವಾರ. ಆವತ್ತೂ ಬೆಳಿಗ್ಗೆ ಆರಕ್ಕೆ ಎದ್ದು ಹಕ್ಕಿ ನೋಡೋಕೆ ಹೋಗಬೇಕಾ ಅಂತ ಹಾಸ್ಟೆಲ್‌ನಲ್ಲಿ ಯಾರಾದರೂ ಕೇಳಿದರೆ ತಪ್ಪೇನಿಲ್ಲ. ಹೋದರೆ ಏನು ಸಿಗುತ್ತೆ ಅನ್ನೋದನ್ನು ಇಲ್ಲಿ ನೋಡೋಣ.

ಮೈಸೂರಿನಲ್ಲಿರುವ ನಾವು ಇದಕ್ಕಾಗಿ ಕಾಡಿಗೆ ಹೋಗಬೇಕಾಗಿಲ್ಲ. ಮಾನಸಗಂಗೋತ್ರಿಯ ಪಕ್ಕದಲ್ಲೇ ಕುಕ್ಕರಹಳ್ಳಿ ಕೆರೆ ಇದೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕೆರೆ ಇದು. ಇದರ ಏರಿಯ ಮೇಲೆ ನಿಧಾನವಾಗಿ ಒಂದು ಸುತ್ತು ಹಾಕಿದರೆ ಕ್ಲಾಸಿನಲ್ಲಿ ಕೇಳಿದ ಪಾಠಗಳೇ ರೆಕ್ಕೆ ಕಟ್ಟಿಕೊಂಡು ಎದುರಿಗೆ ಬರುತ್ತವೆ.

ನೀರುಕಾಗೆಯನ್ನೇ ತಗೊಳ್ಳಿ. ಬಂಡೆ ಮೇಲೆ ರೆಕ್ಕೆ ಹರಡಿಕೊಂಡು ಬಿಸಿಲಿಗೆ ನಿಂತಿರುತ್ತೆ. ಅದರ ಪುಕ್ಕದ ಹೊರಭಾಗ ನೀರು ಹೀರುತ್ತೆ. ಹಾಗಾಗಿ ಪುಕ್ಕದೊಳಗೆ ಉಳಿಯುವ ಗಾಳಿ ಕಡಿಮೆ, ತೇಲಿಸುವ ಬಲವೂ ಕಡಿಮೆ. ಮುಳುಗಿ ಮೀನು ಹಿಡಿಯೋದು ಸುಲಭ. ಅದಕ್ಕೆ ತೆರಬೇಕಾದ ಬೆಲೆ, ಆಮೇಲೆ ರೆಕ್ಕೆ ಒಣಗಿಸುತ್ತಾ ಕೂರೋದು. ನಾವು ಡಿಸೈನ್ ಪೇಪರಿನಲ್ಲಿ ಬರೆಯುವ 'ಟ್ರೇಡ್ ಆಫ್' ಅಂದರೆ ಇದೇ.

ಬಣ್ಣದ ಕೊಕ್ಕರೆ ಅರೆತೆರೆದ ಕೊಕ್ಕನ್ನು ನೀರಿನಲ್ಲಿಟ್ಟು ಅತ್ತಿತ್ತ ಆಡಿಸುತ್ತಾ ನಡೆಯುತ್ತೆ. ಮೀನು ತಾಕಿದ ತಕ್ಷಣ ಕೊಕ್ಕು ಮುಚ್ಚಿಕೊಳ್ಳುತ್ತೆ. ನೀರು ಎಷ್ಟೇ ಕೆಸರಾಗಿರಲಿ, ಈ ಟಚ್ ಸೆನ್ಸರಿಗೆ ತೊಂದರೆಯಿಲ್ಲ. ಬಿಸಿಲೇರಿ ನೆಲ ಕಾಯ್ದ ಮೇಲೆ ಹೆಜ್ಜಾರ್ಲೆಗಳು ಮೇಲೇಳುವ ಬಿಸಿಗಾಳಿಯನ್ನು ಹಿಡಿದು, ರೆಕ್ಕೆ ಬಡಿಯದೇ ಸುತ್ತು ಹಾಕುತ್ತಾ ಎತ್ತರಕ್ಕೆ ಹೋಗುತ್ತವೆ.

ಚಳಿಗಾಲದಲ್ಲಿ ಸ್ವಲ್ಪ ದೂರ, ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಹೋದರೆ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಬಹುದು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಅತಿಥಿಗಳಿವು. 7,000 ಮೀಟರಿಗಿಂತ ಎತ್ತರದಲ್ಲಿ ಇವು ಹಾರಿದ ದಾಖಲೆ ಇದೆ. ತೆಳು ಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುವ ಹಿಮೋಗ್ಲೋಬಿನ್ ಇವುಗಳ ರಕ್ತದಲ್ಲಿದೆ.

ಹೀಗೆ ನೋಡುವ ಅಭ್ಯಾಸ ಕೆಲಸಕ್ಕೂ ಬಂದದ್ದುಂಟು. ಜಪಾನಿನ ಬುಲೆಟ್ ರೈಲು ವೇಗವಾಗಿ ಸುರಂಗಕ್ಕೆ ನುಗ್ಗಿದಾಗ ಮುಂದಿನ ಗಾಳಿ ಒತ್ತಿಕೊಂಡು, ಸುರಂಗದ ಆ ತುದಿಯಲ್ಲಿ ಢಮ್ ಅಂತ ಸದ್ದಾಗುತ್ತಿತ್ತು. ಅಲ್ಲಿನ ಎಂಜಿನಿಯರ್ ಐಜಿ ನಾಕಾತ್ಸು ಸ್ವತಃ ಹಕ್ಕಿ ನೋಡುವ ಹವ್ಯಾಸದವರು. ಮಿಂಚುಳ್ಳಿ ಗಾಳಿಯಿಂದ ನೀರಿಗೆ ಹೆಚ್ಚು ಚಿಮ್ಮಿಸದೇ ಧುಮುಕೋದು ಅವರ ನೆನಪಿಗೆ ಬಂತು. ಅದರ ಕೊಕ್ಕಿನ ಆಕಾರವನ್ನೇ ಹೋಲುವ 15 ಮೀಟರ್ ಉದ್ದದ ಮೂತಿಯ 500 ಸರಣಿಯ ರೈಲು 1997ರಲ್ಲಿ ಹಳಿಗಿಳಿಯಿತು. ಅಂಥ ಮಿಂಚುಳ್ಳಿ ನಮ್ಮ ಕೆರೆಯಲ್ಲೂ ಇದೆ, ನಾವು ಫೋನಿನಿಂದ ತಲೆ ಎತ್ತಬೇಕು ಅಷ್ಟೇ.

ಶುರು ಮಾಡೋಕೆ ದುಡ್ಡು ಬೇಕಿಲ್ಲ. ಬೆಳಿಗ್ಗೆ ಆರೂವರೆಯಿಂದ ಒಂಬತ್ತರೊಳಗೆ ಹೋಗಿ. ಮಾಸಲು ಬಣ್ಣದ ಬಟ್ಟೆ, ನೀರಿನ ಬಾಟಲಿ, ಒಂದು ಸಣ್ಣ ನೋಟ್‌ಬುಕ್ ಸಾಕು. ನಾಲ್ಕು ಜನಕ್ಕೆ ಒಂದು ಬೈನಾಕ್ಯುಲರ್ ಇದ್ದರೆ ಧಾರಾಳ. ಮೊದಲು ಗಾತ್ರ, ಆಮೇಲೆ ಕೊಕ್ಕು, ಬಾಲ, ಕೊನೆಗೆ ಬಣ್ಣ ಗಮನಿಸಿ. ಹೆಸರು ಹುಡುಕೋಕೆ ಮರ್ಲಿನ್ ಆ್ಯಪ್ ಇದೆ, ಕನ್ನಡದಲ್ಲೇ ಓದಬೇಕೆಂದರೆ ತೇಜಸ್ವಿಯವರ 'ಹಕ್ಕಿ ಪುಕ್ಕ' ಇದೆ. ಗೂಡಿನ ಹತ್ತಿರ ಹೋಗಬೇಡಿ. ಫೋಟೋಗಾಗಿ ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿ ಕರೆಯಬೇಡಿ.

ನೋಡಿದ್ದನ್ನು ಇಬರ್ಡ್‌ನಲ್ಲಿ ದಾಖಲಿಸೋದು ಮಾತ್ರ ಮರೀಬೇಡಿ. 2023ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ತಯಾರಾದದ್ದು ಸುಮಾರು 30,000 ಹವ್ಯಾಸಿಗಳು ಕೊಟ್ಟ ಸುಮಾರು 3 ಕೋಟಿ ದಾಖಲೆಗಳಿಂದ. ಅದರಲ್ಲಿ 942 ಪ್ರಭೇದಗಳ ಪರಿಶೀಲನೆ ನಡೆದು, 178ಕ್ಕೆ ತುರ್ತು ಗಮನ ಬೇಕು ಎಂದು ಗೊತ್ತಾಯಿತು. ಒಂದು ಕೆರೆಗೆ ಕೊಳಚೆ ನೀರು ಹರಿದಾಗ, ಅದರ ಅಂಚು ಒತ್ತುವರಿಯಾದಾಗ, 'ಇಲ್ಲಿ ಮೊದಲು ಇಷ್ಟು ಹಕ್ಕಿ ಇದ್ದವು' ಅಂತ ತೋರಿಸೋಕೆ ಇಂಥ ಪಟ್ಟಿ ಬೇಕು. ಪಟ್ಟಿ ಇಲ್ಲದಿದ್ದರೆ, ಹಕ್ಕಿ ಕಾಣೆಯಾದದ್ದೂ ಯಾರ ಗಮನಕ್ಕೂ ಬರೋದಿಲ್ಲ.

ಇದರ ಜೊತೆಗೆ, ಯಾರೂ ಮಾರ್ಕ್ಸ್ ಕೊಡದ, ಯಾರೂ ಅಟೆಂಡೆನ್ಸ್ ಕೇಳದ ಎರಡು ಗಂಟೆ ಸಿಗುತ್ತೆ. ಸುಮ್ಮನಿದ್ದಷ್ಟೂ ಹೆಚ್ಚು ಕಾಣುತ್ತೆ, ಹೆಚ್ಚು ಕೇಳಿಸುತ್ತೆ. ಪ್ರತಿ ಫೆಬ್ರವರಿಯಲ್ಲಿ ದೇಶದಾದ್ಯಂತ ಕ್ಯಾಂಪಸ್ ಹಕ್ಕಿ ಗಣತಿ ನಡೆಯುತ್ತೆ. ಅಷ್ಟರೊಳಗೆ ನಮ್ಮ ಕ್ಯಾಂಟೀನ್ ಮುಂದಿನ ಮರದ ಮೇಲೆ ಯಾರ್ಯಾರು ವಾಸವಾಗಿದ್ದಾರೆ ಅಂತ ತಿಳ್ಕೊಂಡಿರೋಣ.