ಅಪ್‌ಡೇಟ್ ಫೇಲಾದರೆ ಆ ಅಂಕಿಯನ್ನು ಓದಿ

ಕೊಟ್ಟೂರಿನ ಓದುಗರೊಬ್ಬರು ಕೇಳಿದ್ದಾರೆ: 'ಮಗಳಿಗೆ ಡಿಗ್ರಿ ಓದುವಾಗ ಕಾಲೇಜಿನಲ್ಲಿ ಕೊಟ್ಟ ಲ್ಯಾಪ್‌ಟಾಪ್ ಇನ್ನೂ ಗಟ್ಟಿಮುಟ್ಟಾಗಿದೆ. ವಿಂಡೋಸ್ 10ರ ಒಂದು ಅಪ್‌ಡೇಟ್ ಮಾತ್ರ ಎಷ್ಟು ಸಲ ಹಾಕಿದರೂ ಫೇಲ್ ಆಗಿ 80070643 ಅಂತ ತೋರಿಸುತ್ತದೆ. ಅಂಗಡಿಯವರು ವೈರಸ್ ಇದೆ, ಫಾರ್ಮ್ಯಾಟ್ ಹೊಡೆಯಬೇಕು ಅಂತಾರೆ. ಹೊಡೆಸಲೇ?'

ಬೇಡ, ಖಂಡಿತ ಬೇಡ. ಫಾರ್ಮ್ಯಾಟ್ ಹೊಡೆಸಿದರೆ ಹೋಗುವುದು ಮಗಳ ಪ್ರಾಜೆಕ್ಟು, ನೋಟ್ಸು, ಫೋಟೊ. ದೋಷ ಇದ್ದಲ್ಲೇ ಇರಬಹುದು.

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ನುಡಿಯುವ ಕಾರ್ಣಿಕ ಎಂಬ ಭವಿಷ್ಯವಾಣಿ ಒಂದೇ ಸಾಲಿನದು. ಅದರಲ್ಲಿ ರೈತರು ಮಳೆ-ಬೆಳೆ ಕಾಣುತ್ತಾರೆ, ರಾಜಕಾರಣಿಗಳು ಕುರ್ಚಿ ಕಾಣುತ್ತಾರೆ. ಕಂಪ್ಯೂಟರಿನ ದೋಷಸಂಖ್ಯೆಗೂ ಜನ ಹಾಗೆಯೇ ತೋಚಿದ ಅರ್ಥ ಹಚ್ಚುತ್ತಾರೆ. ಒಬ್ಬರು ವೈರಸ್ ಅಂದರೆ ಇನ್ನೊಬ್ಬರು ಹಾರ್ಡ್‌ಡಿಸ್ಕ್ ಹೋಗಿದೆ ಅನ್ನುತ್ತಾರೆ, ಮತ್ತೊಬ್ಬರು ಹಳೇದಾಯ್ತು ಬಿಸಾಕಿ ಅನ್ನುತ್ತಾರೆ. ಕಾರ್ಣಿಕಕ್ಕೆ ಅರ್ಥ ಹಲವು ಇರಲಿ, ಈ ಸಂಖ್ಯೆಗೆ ಇರುವುದು ಒಂದೇ. ಅದನ್ನು ಹೈಸ್ಕೂಲ್ ಗಣಿತದಿಂದಲೇ ಬಿಡಿಸಬಹುದು.

ಮೊದಲ ನಾಲ್ಕಂಕಿ 8007 ಎಂದರೆ, ಮುಂದೆ ಬರುವುದು ವಿಂಡೋಸ್‌ನ ಸಾಮಾನ್ಯ ದೋಷಗಳ ಪಟ್ಟಿಯಲ್ಲಿದೆ ಎಂದರ್ಥ. ಉಳಿದ 0643 ನಾವು ದಿನವೂ ಬಳಸುವ ದಶಮಾನದಲ್ಲಿಲ್ಲ, ಹದಿನಾರರ ಮಾನದಲ್ಲಿದೆ. 6×256 + 4×16 + 3. ಕೂಡಿದರೆ 1603. ಈಗ ಕಮಾಂಡ್ ಪ್ರಾಂಪ್ಟ್ ತೆರೆದು 'ನೆಟ್ ಹೆಲ್ಪ್‌ಎಂಎಸ್‌ಜಿ 1603' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಇನ್‌ಸ್ಟಾಲ್ ಆಗುವಾಗ ಮಾರಕ ದೋಷ ಉಂಟಾಯಿತು ಎಂದು ವಿಂಡೋಸೇ ಉತ್ತರ ಕೊಡುತ್ತದೆ! ಅದೇ ರೀತಿ 80070070 ಬಂದಿದ್ದರೆ? 7×16 ಅಂದರೆ 112. ಅದರ ಅರ್ಥ ಡಿಸ್ಕಿನಲ್ಲಿ ಜಾಗ ಸಾಲದು. ವರ್ಷಗಟ್ಟಲೆ ಜನರನ್ನು ಹೆದರಿಸಿದ ಅಂಕಿಗಳ ಹಿಂದೆ ಇಂಥ ಸೀದಾಸಾದಾ ವಾಕ್ಯ ಕೂತಿರುವುದು ನನಗೆ ಇವತ್ತಿಗೂ ಖುಷಿ ಕೊಡುವ ಸಂಗತಿ.

1603 'ಕೆಲಸ ಕೆಟ್ಟಿತು' ಎನ್ನುತ್ತದೆಯೇ ಹೊರತು ಯಾಕೆಂದು ಹೇಳುವುದಿಲ್ಲ. ಅದಕ್ಕೆ ಅಪ್‌ಡೇಟ್ ಹೆಸರಿನ ಪಕ್ಕದ ಕೆಬಿ ಸಂಖ್ಯೆ ನೋಡಬೇಕು. ಈ ದೋಷ ಜಗತ್ತಿನಾದ್ಯಂತ ಮನೆಮಾತಾದದ್ದು ಕೆಬಿ5034441 ಎಂಬ ಅಪ್‌ಡೇಟ್‌ನಿಂದ. 2024ರ ಜನವರಿ 9ರಂದು ಬಂದ ಇದು ಮುಟ್ಟುತ್ತಿದ್ದದ್ದು ಸಿ ಡ್ರೈವನ್ನಲ್ಲ. ವಿಂಡೋಸ್ ಎದ್ದೇಳದೆ ಹೋದಾಗ ರಿಪೇರಿಗೆಂದು ಇಟ್ಟಿರುವ ರಿಕವರಿ ಪಾರ್ಟಿಷನ್ ಎಂಬ ಚಿಕ್ಕ ಭಾಗವನ್ನು. ಅದರಲ್ಲಿ 250 ಎಂಬಿ ಖಾಲಿ ಜಾಗ ಬೇಕಿತ್ತು. ಎಷ್ಟೋ ಯಂತ್ರಗಳಲ್ಲಿ ಆ ಭಾಗದ ಒಟ್ಟು ಗಾತ್ರವೇ ಸುಮಾರು 500 ಎಂಬಿ, ಅದೂ ಬಹುಪಾಲು ತುಂಬಿರುತ್ತದೆ. ನಾನು ನೋಡಿದ ಒಂದು ಲ್ಯಾಪ್‌ಟಾಪ್‌ನಲ್ಲಿ ಸಿ ಡ್ರೈವ್ ಅರ್ಧಕ್ಕರ್ಧ ಖಾಲಿ ಬಿದ್ದಿತ್ತು, ಅಪ್‌ಡೇಟ್ ಮಾತ್ರ ಜಾಗವಿಲ್ಲದೆ ಸಾಯುತ್ತಿತ್ತು. ತೋರಿಸಬೇಕಾದದ್ದು ಜಾಗ ಸಾಲದೆಂಬ ದೋಷ, ತೋರಿಸಿದ್ದು 1603. ಸಂದೇಶ ತಪ್ಪಾಗಿತ್ತೆಂದು ಮೈಕ್ರೋಸಾಫ್ಟ್ ಒಪ್ಪಿಕೊಂಡಿತು.

ಆ ಅಪ್‌ಡೇಟ್ ಮುಚ್ಚುತ್ತಿದ್ದದ್ದು ಡಿಸ್ಕಿಗೆ ಹಾಕುವ ಬಿಟ್‌ಲಾಕರ್ ಎಂಬ ಬೀಗವನ್ನು ದಾಟಿಹೋಗುವ ಕಂಡಿಯನ್ನು. ಬಿಟ್‌ಲಾಕರ್ ಬಳಸದವರು ಚಿಂತೆ ಬಿಡಬಹುದು. ತಿಂಗಳ ಉಳಿದ ಅಪ್‌ಡೇಟ್‌ಗಳಿಗೆ ಇದರಿಂದ ಅಡ್ಡಿಯಿಲ್ಲ. ಬಳಸುವವರು ಫೈಲುಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು, ತಿಳಿದವರ ಕೈಯಲ್ಲಿ ಪಾರ್ಟಿಷನ್ ಹಿಗ್ಗಿಸಿಕೊಳ್ಳಲಿ.

ಇಂಥದೇ ಇನ್ನೊಂದು ಸ್ವಾರಸ್ಯ ಕೇಳಿ. ಬೂಟ್ ಫೈಲುಗಳಿರುವ ಭಾಗ ಸಾಮಾನ್ಯವಾಗಿ 100 ಎಂಬಿಯಷ್ಟೇ. ಅದು ತುಂಬಿದರೆ ದೊಡ್ಡ ಅಪ್‌ಗ್ರೇಡ್ 'ಸಿಸ್ಟಮ್ ರಿಸರ್ವ್ಡ್ ಪಾರ್ಟಿಷನ್' ಹೆಸರು ಹೇಳಿ ನಿಂತುಬಿಡುತ್ತದೆ. ಅಲ್ಲಿ ಜಾಗ ತಿನ್ನುವವರಲ್ಲಿ ಬೂಟ್ ಪರದೆಗೆಂದು ಇಟ್ಟ ಚೀನಿ, ಜಪಾನಿ, ಕೊರಿಯನ್ ಅಕ್ಷರಗಳ ಫಾಂಟ್‌ಗಳೂ ಇವೆ, ಸುಮಾರು 12 ಎಂಬಿ! ಆ ಫಾಂಟ್‌ಗಳನ್ನು ಅಳಿಸಿ ಎಂಬುದೇ ಮೈಕ್ರೋಸಾಫ್ಟ್ ಕೊಟ್ಟ ಪರಿಹಾರ. ಕೂಡ್ಲಿಗಿಯ ಲ್ಯಾಪ್‌ಟಾಪ್‌ಗೆ ಬೀಜಿಂಗ್‌ನ ಅಕ್ಷರ ಅಡ್ಡಬಂದರೆ ಅದು ಯಾರ ಗ್ರಹಚಾರವೂ ಅಲ್ಲ.

ಕರೆಂಟ್ ಹೋದರೂ ಅಪ್‌ಡೇಟ್ ಕೆಡುತ್ತದೆ. ಬ್ಯಾಟರಿ ಸತ್ತ ಹಳೆ ಲ್ಯಾಪ್‌ಟಾಪ್‌ಗಳಲ್ಲಿ ಇದು ಮಾಮೂಲು. ಹೊಸ ಫೈಲು ನೆಲೆಯಾಗುವವರೆಗೆ ವಿಂಡೋಸ್ ಹಳೆಯದನ್ನು ಕೈಬಿಡುವುದಿಲ್ಲ. ಮರಳಿ ಎದ್ದಾಗ ಬದಲಾವಣೆ ಹಿಂತೆಗೆಯುತ್ತಿದ್ದೇನೆ ಎನ್ನುತ್ತದೆ. ಆಗ ಗಾಬರಿಯಾಗಿ ಪವರ್ ಬಟನ್ ಒತ್ತಿಹಿಡಿಯಬೇಡಿ, ಕಾಯಿರಿ.

ಇನ್ನು ಬೈಯಲೇಬೇಕಾದ ಒಂದು ಮೂಢನಂಬಿಕೆ ಇದೆ: 'ಅಪ್‌ಡೇಟ್ ಹಾಕಿದರೆ ಸ್ಲೋ ಆಗುತ್ತೆ, ನುಡಿ ತಂತ್ರಾಂಶ ಕೆಡುತ್ತೆ, ಆಫ್ ಮಾಡಿಬಿಡಿ.' 2017ರ ಮೇ 12ರಂದು ವಾನ್ನಾಕ್ರೈ ದಾಳಿ ಸುಮಾರು 150 ದೇಶಗಳಲ್ಲಿ ಲಕ್ಷಾಂತರ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಜಡಿದು ಹಣ ಕೇಳಿತು. ಅದನ್ನು ತಡೆಯುವ ಅಪ್‌ಡೇಟ್ ಮಾರ್ಚ್ 14ಕ್ಕೇ ಬಂದಿತ್ತು. ಎರಡು ತಿಂಗಳ ಸಮಯ ಸಿಕ್ಕಿತ್ತು, ಹಾಕಿಕೊಳ್ಳದವರು ಕೆಟ್ಟರು. ಸೈಬರ್ ಸೆಂಟರ್‌ನಲ್ಲಿ ಊರಿನವರ ಆಧಾರ್, ಪಹಣಿ, ಅಂಕಪಟ್ಟಿ ಇಟ್ಟುಕೊಂಡವರು ಅಪ್‌ಡೇಟ್ ನಿಲ್ಲಿಸುವುದು ಊರಿಗೇ ಮಾಡುವ ಅಪಚಾರ.

ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಸರು ನೋಂದಾಯಿಸಿದವರಿಗೆ ಒಂದು ವರ್ಷ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಸಿಗುವ ಯೋಜನೆ ಬಂತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪಾಗಲಿ ಹೊಸ ಪ್ರೊಸೆಸರ್ ಆಗಲಿ ಇಲ್ಲದ ಲ್ಯಾಪ್‌ಟಾಪ್ ಗುಜರಿಗೆ ಹೋಗಬೇಕಿಲ್ಲ. ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿದರೆ ಕಾಸು ಖರ್ಚಿಲ್ಲದೆ ಅಪ್‌ಡೇಟ್ ಬರುತ್ತಲೇ ಇರುತ್ತದೆ, ಯುನಿಕೋಡ್ ಕನ್ನಡವನ್ನೂ ಟೈಪ್ ಮಾಡಬಹುದು. ಕೊಟ್ಟೂರಿನ ಆ ಓದುಗರು ಮೊದಲು ಕೆಬಿ ಸಂಖ್ಯೆ ಬರೆದುಕೊಳ್ಳಲಿ. ಅಂಗಡಿಯವರು ಮತ್ತೆ ವೈರಸ್ ಎಂದರೆ, ಯಾವ ವೈರಸ್, ಎಲ್ಲಿದೆ ತೋರಿಸಿ ಎಂದು ಕೇಳಲಿ. ಕೇಳುವ ಹಕ್ಕು ಗಿರಾಕಿಗಿದೆ.