ಒಂದೇ ಜೀಪಿನ ಎರಡು ಕವಲು: ಕಂಬಂ ಕಣಿವೆಯಿಂದ ನೋಡಿದ ರೇಂಜ್ ರೋವರ್ ಚರಿತ್ರೆ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಆಡಿದ ಮಾತಿನ ಬರಹರೂಪ)

ಪರದೆ ಕಾಣ್ತಾ ಇದೆ ಅಂದುಕೊಂಡಿದ್ದೇನೆ. ಎಡಗಡೆ ಇರುವುದು ರೇಂಜ್ ರೋವರ್, ನಿಮಗೆಲ್ಲ ಗೊತ್ತಿರುವುದೇ. ಬಲಗಡೆಯದು ನಮ್ಮೂರ ಕಡೆಯ ಹಳೇ ಮಹೀಂದ್ರ ಕಮಾಂಡರ್ ಜೀಪು. ನಮ್ಮೂರು ಅಂದರೆ ತಮಿಳುನಾಡಿನ ತೇನಿ ಜಿಲ್ಲೆಯ ಮಾರ್ಕಯನ್‌ಕೋಟ್ಟೈ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು ಅನ್ನುವಂಥ ಮನೆಗಳು ಕಂಬಂ ಕಣಿವೆಯಲ್ಲಿ ಬೇಕಾದಷ್ಟಿವೆ. ಅಂಥದೊಂದು ಮನೆಯ ಮಗಳು ನಾನು. ಕನ್ನಡ ಅಕ್ಷರ ಕಲಿತದ್ದು ತಡವಾಗಿ, ಹಾಗಾಗಿ ಬರಹದ ನಡುವೆ ಮಾತು ನುಸುಳಿದರೆ ಸಹಿಸಿಕೊಳ್ಳಿ.

ನಾನು ಹೇಳಬೇಕಾದ್ದು ಇಷ್ಟೇ: ರೇಂಜ್ ರೋವರಿನ ಐಷಾರಾಮ ಶುರುವಾದದ್ದು ಚರ್ಮದ ಸೀಟಿನಿಂದ ಅಲ್ಲ, ಸ್ಪ್ರಿಂಗಿನಿಂದ.

ಎರಡು ಗಾಡಿಗೂ ಮೂಲಪುರುಷ ಒಬ್ಬನೇ, ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪು. ಯುದ್ಧ ಮುಗಿದ ಮೇಲೆ ರೋವರ್ ಕಂಪನಿಯ ಮಾರಿಸ್ ವಿಲ್ಕ್ಸ್ ಅವರು ವೇಲ್ಸ್‌ನ ಆಂಗ್ಲ್‌ಸೀ ದ್ವೀಪದ ತಮ್ಮ ಜಮೀನಿನಲ್ಲಿ ಸೇನೆ ಬಿಟ್ಟುಕೊಟ್ಟ ಒಂದು ಜೀಪನ್ನು ಬಳಸುತ್ತಿದ್ದರು. ಅದರ ಬದಲಿಗೆ ನಾವೇ ಒಂದು ಮಾಡಬಾರದೇಕೆ ಅನ್ನಿಸಿತು. 1947ರ ಮೊದಲ ಮಾದರಿಯನ್ನು ಜೀಪಿನ ಚಾಸಿ ಮೇಲೆಯೇ ಕಟ್ಟಿದರು. 1948ರ ಏಪ್ರಿಲ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ ಲ್ಯಾಂಡ್ ರೋವರ್ ಹೊರಬಂತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಬೊಂಬಾಯಿಯಲ್ಲಿ ಮಹೀಂದ್ರ ಕಂಪನಿ ವಿಲ್ಲೀಸ್ ಜೀಪಿನ ಬಿಡಿಭಾಗ ತರಿಸಿ ಜೋಡಿಸಲು ಹೊರಟಿತ್ತು. ಒಂದು ಕವಲು ಅರಮನೆ ಅಂಗಳಕ್ಕೆ ಹೋಯಿತು, ಇನ್ನೊಂದು ನಮ್ಮ ಘಾಟಿಗೆ ಬಂತು.

ಆ ಘಾಟಿಯನ್ನು ಸ್ವಲ್ಪ ಹೇಳಲೇಬೇಕು. ತೇನಿ ಜಿಲ್ಲೆಯಿಂದ ಕೇರಳದ ಇಡುಕ್ಕಿಗೆ ಬೋಡಿ ಮೆಟ್ಟು, ಕಂಬಂ ಮೆಟ್ಟು, ಕುಮಳಿ ಅಂತ ಮೂರು ಮುಖ್ಯ ದಾರಿಗಳಿವೆ. ಮೇಲೆ ಏಲಕ್ಕಿ ತೋಟ, ಕೆಳಗೆ ಕೂಲಿ ಜನ. ದಿನಾ ಬೆಳಗಾಗುವ ಮುಂಚೆ ಜೀಪುಗಳು ಹೆಂಗಸರನ್ನು ತುಂಬಿಕೊಂಡು ಹತ್ತುತ್ತವೆ, ಸಂಜೆ ಇಳಿಸುತ್ತವೆ. ನಮ್ಮವ್ವ ಎಷ್ಟೋ ವರ್ಷ ಹೀಗೆ ಹೋಗಿ ಬಂದವಳು. ಹದಿನೈದಕ್ಕೆ ಕಡಿಮೆ ಜನ ಇದ್ದ ಜೀಪನ್ನು ನಾನು ಕಂಡ ನೆನಪಿಲ್ಲ. ಕಾಯಿ ಬಿಡಿಸುವ ಕೆಲಸಕ್ಕಿಂತ ಜೀಪೇ ಕಷ್ಟ ಅಂತಿದ್ದಳು. ಒಂದು ವಿಚಿತ್ರವನ್ನೂ ಹೇಳ್ತಿದ್ದಳು: ಜನ ಕಡಿಮೆ ಇದ್ದ ದಿನ ಬೆನ್ನು ಇನ್ನೂ ಜಾಸ್ತಿ ನೋಯ್ತದೆ.

ಸುಮ್ಮನೆ ಹೇಳಿದ ಮಾತಲ್ಲ ಅದು. ಇಂಥ ಜೀಪಿನಲ್ಲಿರುವುದು ಲೀಫ್ ಸ್ಪ್ರಿಂಗ್, ಗ್ಯಾರೇಜಿನವರು ಕಮಾನು ಪಟ್ಟಿ ಅಂತಾರಲ್ಲ, ಅದು. ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಕಟ್ಟಿ ಆಕ್ಸಲ್‌ಗೆ ಬಿಗಿದಿರುತ್ತಾರೆ. ಭಾರ ಹೊರುವುದೂ ಅದೇ, ಆಕ್ಸಲ್ಲನ್ನು ಜಾಗದಲ್ಲಿ ಹಿಡಿದಿಡುವುದೂ ಅದೇ. ತುಂಬಿದ ಗಾಡಿಯ ಲೆಕ್ಕದಲ್ಲಿ ಅದನ್ನು ಗಡಸು ಮಾಡಿರುತ್ತಾರೆ. ಭಾರ ಇದ್ದಾಗ ನಿಧಾನಕ್ಕೆ ಏಳುತ್ತದೆ, ಬೀಳುತ್ತದೆ. ಭಾರ ಇಳಿದರೆ ಅದೇ ಗಡಸುತನ ಕುಕ್ಕಲು ಶುರುಮಾಡುತ್ತದೆ.

1970ರ ಜೂನ್‌ನಲ್ಲಿ ಬಂದ ರೇಂಜ್ ರೋವರ್ ಬಿಡಿಸಿದ್ದು ಈ ಗಂಟನ್ನೇ. ಅದರ ಎಂಜಿನಿಯರು ಸ್ಪೆನ್ ಕಿಂಗ್, ವಿಲ್ಕ್ಸ್ ಅವರ ಸೋದರಳಿಯ. ಲೀಫ್ ತೆಗೆದು ಉದ್ದ ಚಲನೆಯ, ಮೆತ್ತಗಿನ ಕಾಯಿಲ್ ಸ್ಪ್ರಿಂಗ್ ಹಾಕಿದರು. ಮೆತ್ತಗಾದರೆ ಭಾರಕ್ಕೆ ಹಿಂಭಾಗ ಕುಸಿಯುತ್ತದಲ್ಲ? ಅದಕ್ಕೆ ಹಿಂದಿನ ಆಕ್ಸಲ್ ಮೇಲೆ ಬೋಗೆ ಕಂಪನಿಯ ಒಂದು ಘಟಕ ಕೂರಿಸಿದರು. ಗಾಡಿ ಓಡುವಾಗಿನ ಕುಲುಕಾಟದಿಂದಲೇ ಅದು ತನ್ನೊಳಗೆ ಒತ್ತಡ ತುಂಬಿಕೊಂಡು ಹಿಂಭಾಗವನ್ನು ಮೇಲೆತ್ತುತ್ತಿತ್ತು. ನನ್ನ ಮಟ್ಟಿಗೆ ಇಡೀ ಗಾಡಿಯಲ್ಲಿ ಇದೇ ಜಾಣತನದ ಭಾಗ. ಇದರ ಜೊತೆಗೆ ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಅಮೆರಿಕದ ಬ್ಯೂಕ್‌ನಿಂದ ಹಕ್ಕು ಕೊಂಡ 3.5 ಲೀಟರಿನ ಅಲ್ಯೂಮಿನಿಯಂ ವಿ8 ಎಂಜಿನ್, ನಡುವೆ ಡಿಫರೆನ್ಷಿಯಲ್ ಇದ್ದದ್ದರಿಂದ ಡಾಂಬರಿನ ಮೇಲೂ ಸದಾ ನಾಲ್ಕು ಚಕ್ರದ ಎಳೆತ.

ಒಳಗೆ? ವಿನೈಲ್ ಸೀಟು, ರಬ್ಬರ್ ನೆಲ. ಕೆಸರಾದರೆ ಪೈಪ್ ಹಿಡಿದು ತೊಳೆಯಬಹುದಿತ್ತು. ಬಾಗಿಲು ಎರಡೇ. ರೈತನ ಗಾಡಿಯೇ ಅದು, ಸುಖವಾಗಿ ಓಡುತ್ತಿತ್ತು ಅಷ್ಟೇ.

ಮುಂದಿನದು ಬೇಗ ಹೇಳಿಬಿಡ್ತೇನೆ. 1981ರಲ್ಲಿ ನಾಲ್ಕು ಬಾಗಿಲು. ಆಮೇಲೆ ಚರ್ಮ, ಮರದ ಹೊದಿಕೆ. 1992ರಲ್ಲಿ ಗಾಳಿಯ ಸ್ಪ್ರಿಂಗ್. ಭಾರ ಹೆಚ್ಚಿದರೆ ಗಾಳಿ ತುಂಬಿಕೊಳ್ಳುತ್ತದೆ, ಅಂದರೆ ಅದೇ ಹಳೇ ಪ್ರಶ್ನೆಗೆ ಹೊಸ ಉತ್ತರ. 1994, 2001, 2012, 2021ರಲ್ಲಿ ಹೊಸ ಪೀಳಿಗೆಗಳು. 2012ರದ್ದು ಪೂರ್ತಿ ಅಲ್ಯೂಮಿನಿಯಂ ಒಡಲಿನದು. ಈ ಗಾಡಿಗಳನ್ನು ನಗರದೊಳಗೆ ಮೆರೆಸುವವರನ್ನು ಮುಂದೆ ಕಿಂಗ್ ಅವರೇ ಟೀಕಿಸಿದರು ಅನ್ನೋದು ಬೇರೆ ಮಾತು. 2008ರಲ್ಲಿ ಟಾಟಾ ಮೋಟಾರ್ಸ್ ಕಂಪನಿಯನ್ನೇ ಫೋರ್ಡ್‌ನಿಂದ ಕೊಂಡಿತು. 2024ರಲ್ಲಿ ರೇಂಜ್ ರೋವರ್ ಜೋಡಣೆ ಪುಣೆಯಲ್ಲಿ ಆಗುತ್ತದೆ ಅಂತ ಪ್ರಕಟವಾಯಿತು.

ನಮ್ಮ ಕವಲಿಗೆ ಏನಾಯಿತು? 2010ರ ಮಹೀಂದ್ರ ಥಾರ್‌ಗೆ ಹಿಂದೆ ಲೀಫ್ ಸ್ಪ್ರಿಂಗೇ ಇತ್ತು. 2020ರ ಥಾರ್‌ಗೆ ಕಾಯಿಲ್ ಬಂತು, ಜೊತೆಗೆ ಟಚ್‌ಸ್ಕ್ರೀನೂ ಬಂತು. ರೇಂಜ್ ರೋವರ್ 1970ರಲ್ಲಿ ದಾಟಿದ ಹೊಳೆಯನ್ನು ಜೀಪಿನ ವಂಶ ಐವತ್ತು ವರ್ಷದ ಮೇಲೆ ದಾಟಿತು. ದಾಟಿದ್ದು ವಾರಾಂತ್ಯದ ಸವಾರಿಗೆ ಕೊಳ್ಳುವವರ ಗಾಡಿ. ಕೂಲಿ ಜೀಪು ಈಚೆ ದಡದಲ್ಲೇ ಉಳೀತು.

ಚಾಟ್‌ನಲ್ಲಿ ಒಬ್ಬರು ಕೇಳಿದ್ದಾರೆ: ಹಳೇ ಜೀಪುಗಳಿಗೂ ಕಾಯಿಲ್ ಹಾಕಿಸಬಹುದಲ್ಲ? ಹಾಕಿಸಬಹುದು. ಆದರೆ ಕಾಯಿಲ್‌ಗೆ ಆಕ್ಸಲ್ ಹಿಡಿದಿಡಲು ಬರೋದಿಲ್ಲ. ಅದಕ್ಕೆ ಬೇರೆ ಸಲಾಕೆಗಳು, ಚಾಸಿ ಮೇಲೆ ಬೆಸುಗೆ ಎಲ್ಲ ಬೇಕು. ಅಷ್ಟಾದ ಮೇಲೆ ಹದಿನೈದು ಜನ ಹತ್ತಿದರೆ ಹಿಂಭಾಗ ಕೂತುಬಿಡುತ್ತದೆ. ಕೂರದಂತೆ ಮಾಡುವ ಘಟಕಕ್ಕೆ ದುಡ್ಡು ಹಾಕುವವರು ಯಾರು? ಲೀಫ್‌ನ ಒಂದು ಪಟ್ಟಿ ಮುರಿದರೆ ಚಿನ್ನಮನೂರಿನಲ್ಲೋ ಕಂಬಂನಲ್ಲೋ ಅರ್ಧ ದಿನದಲ್ಲಿ ಬೇರೆ ಹಾಕಿಕೊಡ್ತಾರೆ, ಮಾರನೇ ಬೆಳಗ್ಗೆ ಜೀಪು ಮತ್ತೆ ಮೆಟ್ಟು ಹತ್ತುತ್ತದೆ. ಮಾಲೀಕರ ಲೆಕ್ಕ ಅಲ್ಲಿಗೆ ಮುಗೀತು. ಹಿಂದಿನ ಬೆಂಚಿನಲ್ಲಿ ಕೂತವರ ಬೆನ್ನು ಆ ಲೆಕ್ಕದಲ್ಲಿ ಬರೋದೇ ಇಲ್ಲ.

ಇನ್ನೊಂದು ಪ್ರಶ್ನೆಯೂ ಇದೆ: ಅಮ್ಮ ಈಗಲೂ ಹೋಗ್ತಾರಾ ಅಂತ. ಇಲ್ಲ, ಅವಳು ಬಿಟ್ಟಳು. ಈಗ ಅತ್ತಿಗೆ ಹೋಗ್ತಾಳೆ.