ಖಾಡಿಯ ಆಚೆಯ ಹಳ್ಳಿಗಳು: ಜೀವ, ಸೊತ್ತು, ರಕ್ಷಣೆ

ವಿರಾರಿನ ಗಾಡಿ ಭಾಯಂದರವನ್ನು ಬಿಟ್ಟು ವಸಯಿಯ ಖಾಡಿಯನ್ನು ದಾಟಿತೆಂದರೆ ಮುಂಬಯಿ ಮುಗಿಯಿತೆಂದು ಹಿಂದಿನವರು ತಿಳಿಯುತ್ತಿದ್ದರು. ಇಂದು ಹಾಗೆ ತಿಳಿಯುವವರಿಲ್ಲ. ಫೋರ್ಟಿನ ಕಚೇರಿಗಳ ಗುಮಾಸ್ತರೂ ಹೋಟೆಲುಗಳಲ್ಲಿ ದುಡಿಯುವ ನಮ್ಮ ಬಾಂಧವರೂ ಅಷ್ಟಿಷ್ಟು ಕೂಡಿಟ್ಟ ಹಣದಿಂದ ಒಂದು ರೂಮನ್ನು ಮಾಡಿಕೊಳ್ಳಬೇಕೆಂದರೆ ನಾಯಗಾಂವ್, ವಸಯಿ, ನಾಲಾಸೋಪಾರಾ, ವಿರಾರುಗಳ ಹೆಸರೇ ಮೊದಲು ಬಾಯಿಗೆ ಬರುತ್ತದೆ. ಆದರೆ ನಾವು ಕೊಳ್ಳುವ ಆ ರೂಮಿನ ಅಡಿಯಲ್ಲಿ ಇರುವುದು ಒಂದು ಹಳ್ಳಿ ಎಂಬುದನ್ನು ಎಷ್ಟು ಮಂದಿ ಯೋಚಿಸುತ್ತೇವೆ? ಆ ಹಳ್ಳಿಯವರ ಬಾಳು ಎಂತಹುದು, ಅವರ ಸೊತ್ತಿಗೆ ಏನು ಆಧಾರ, ಅವರ ಜೀವಕ್ಕೆ ಏನು ಕಾವಲು ಎಂಬ ವಿಚಾರ ಅವರದಷ್ಟೇ ಅಲ್ಲ, ನಮ್ಮದೂ ಆಗಿದೆ.

ನಗರವು ಹಳ್ಳಿಗಳನ್ನು ನುಂಗುತ್ತ ಬಂದುದು ಹೊಸ ಮಾತಲ್ಲ. ಸಾಷ್ಟಿ ಎಂಬ ಹೆಸರೇ ಅರುವತ್ತಾರು ಹಳ್ಳಿಗಳ ದ್ವೀಪವೆಂಬ ಅರ್ಥದಿಂದ ಬಂದುದೆಂದು ತಿಳಿದವರು ಹೇಳುತ್ತಾರೆ. ಮುಂಬಯಿ ನಗರಪಾಲಿಕೆಯ ಮೇರೆ ೧೯೫೦ರಲ್ಲಿ ಅಂಧೇರಿಯ ಕಡೆಗೂ ೧೯೫೭ರಲ್ಲಿ ದಹಿಸರ, ಮುಲುಂಡಗಳ ತನಕವೂ ಚಾಚಿತು. ಮರೋಳ, ಅಂಬೋಲಿ, ಕಲಿನಾಗಳಲ್ಲಿ ಎತ್ತರದ ಕಟ್ಟಡಗಳ ನಡುವೆ ಶಿಲುಬೆಯ ಕಟ್ಟೆಯೊಡನೆ ಉಳಿದುಕೊಂಡಿರುವ ಓಣಿಗಳು ಆ ಕಾಲದ ಹಳ್ಳಿಗಳೇ. ಖಾಡಿಯ ಆಚೆಗೆ ೧೮೬೭ರಲ್ಲಿಯೇ ವಿರಾರಿನಿಂದ ಮುಂಬಯಿಗೆ ಗಾಡಿ ಓಡಿದ್ದರೂ ಊರುಗಳು ಊರುಗಳಾಗಿಯೇ ಬಹುಕಾಲ ಉಳಿದವು.

ವಸಯಿಯ ಪಶ್ಚಿಮದ ವಾಡಿಗಳನ್ನು ಕಂಡವರಿಗೆ ಬೇರೆ ವರ್ಣನೆ ಬೇಡ. ಬಾವಿ, ಬಾವಿಯ ಸುತ್ತ ಬಾಳೆ, ತೆಂಗು, ವೀಳ್ಯದೆಲೆಯ ಬಳ್ಳಿ, ಹೂವಿನ ಗಿಡ, ಹಂಚಿನ ಮಾಡು! ಕುಂದಾಪುರದ ಕಡೆಯವನೊಬ್ಬನನ್ನು ಅಲ್ಲಿ ಕಣ್ಣು ಕಟ್ಟಿ ತಂದುಬಿಟ್ಟರೆ ತನ್ನೂರಿಗೇ ಬಂದೆನೆಂದು ಚಪ್ಪಲಿ ಕಳಚಿ ಅಂಗಳಕ್ಕೆ ಹತ್ತಿಯಾನು. ನಸುಕಿನ ಗಾಡಿಯಲ್ಲಿ ದಾದರಿಗೆ ಬರುವ ಹೂವು ತರಕಾರಿಗಳಲ್ಲಿ ಈ ವಾಡಿಗಳ ಪಾಲು ಸಣ್ಣದಲ್ಲ. ರಾಜೇಳಿ ಬಾಳೆಯ ಹಣ್ಣನ್ನು ಬಿಸಿಲಿಗೆ ಒಣಗಿಸಿ ಮಾಡುವ ಇಲ್ಲಿನ ಸುಕೇಳಿಯನ್ನು ತಿಂದು ನೋಡದ ವಾಚಕರು ಒಮ್ಮೆ ತಿನ್ನತಕ್ಕದ್ದು. ಇದು ಪ್ರಸ್ತುತ ವಿಷಯಕ್ಕೆ ಸೇರಿದ ಮಾತಲ್ಲವಾದರೂ ಹೇಳದಿರಲಾರೆವು.

ಇನ್ನು ಸೊತ್ತಿನ ಮಾತು. ಹಳ್ಳಿಯಲ್ಲಿ ಯಾವ ಹಿತ್ತಿಲು ಯಾರದೆಂಬುದು ಎಲ್ಲರಿಗೂ ಗೊತ್ತು. ಅಜ್ಜ ನೆಟ್ಟ ಮಾವಿನ ಮರ, ತಂದೆ ಕಟ್ಟಿಸಿದ ಬಾವಿಯ ದಂಡೆ, ಅವೇ ಗಡಿಕಲ್ಲು. ನೆರೆಯವರ ನೆನಪೇ ದಸ್ತಾವೇಜು. ನಗರವು ಬಂದೊಡನೆ ಈ ನೆನಪಿಗೆ ಬೆಲೆಯಿಲ್ಲದಾಗುತ್ತದೆ, ಕಾಗದಕ್ಕೆ ಬೆಲೆ ಬರುತ್ತದೆ. ನಮ್ಮೂರಿನ ಪಹಣಿಯಂತೆ ಇಲ್ಲಿ ‘ಸಾತ್‌ಬಾರಾ’ ಇದೆ. ಏಳನೆಯ ನಮೂನೆಯಲ್ಲಿ ಜಮೀನಿನ ಹಕ್ಕು, ಹನ್ನೆರಡನೆಯದರಲ್ಲಿ ಬೆಳೆ, ಎರಡೂ ಕೂಡಿ ಆ ಹೆಸರು. ಆದರೆ ಮನೆಗಳು ಒತ್ತಾಗಿ ನಿಂತ ಜಾಗಕ್ಕೆ, ಎಂದರೆ ಗಾಂವಠಾಣಕ್ಕೆ, ಸಾತ್‌ಬಾರಾ ಇರುವುದಿಲ್ಲ. ಪಂಚಾಯತಿಯ ಎಂಟನೆಯ ನಮೂನೆಯಲ್ಲಿ ಮನೆಯ ಕರದ ಲೆಕ್ಕವಿರುತ್ತದೆ, ಅಷ್ಟೆ. ಅದು ಕರದ ಪಟ್ಟಿಯೇ ಹೊರತು ಒಡೆತನದ ಪತ್ರವಲ್ಲ. ತಲೆತಲಾಂತರದಿಂದ ಮನೆಯಲ್ಲಿದ್ದವನು ಬ್ಯಾಂಕಿಗೆ ಹೋಗಿ ಸಾಲ ಕೇಳಿದರೆ ಕೈಯಲ್ಲಿ ತೋರಿಸಲು ಏನೂ ಇಲ್ಲ! ಈ ಕೊರತೆಯನ್ನು ನೀಗಿಸಲೆಂದು ಕೇಂದ್ರ ಸರಕಾರವು ೨೦೨೦ರ ಎಪ್ರಿಲದಲ್ಲಿ ಸ್ವಾಮಿತ್ವ ಯೋಜನೆಯನ್ನು ಆರಂಭಿಸಿ, ಡ್ರೋನುಗಳಿಂದ ಹಳ್ಳಿಯ ಮನೆಗಳನ್ನು ಅಳೆದು ಆಸ್ತಿಪತ್ರ ಕೊಡುವ ಕೆಲಸಕ್ಕೆ ಕೈಹಾಕಿತು. ಮೊದಲು ಆರಿಸಿಕೊಂಡ ರಾಜ್ಯಗಳಲ್ಲಿ ಮಹಾರಾಷ್ಟ್ರವೂ ಕರ್ನಾಟಕವೂ ಸೇರಿದ್ದವು.

ನೆನಪಿಗೂ ಕಾಗದಕ್ಕೂ ನಡುವಿನ ಈ ಸಂದಿಯಲ್ಲಿಯೇ ದಲ್ಲಾಳಿ ನುಸುಳುತ್ತಾನೆ. ಒಬ್ಬನ ಹೊಲವನ್ನು ಇನ್ನೊಬ್ಬನ ಹೆಸರಿನಲ್ಲಿ, ಸರಕಾರದ ಜಾಗವನ್ನು ತನ್ನ ಹೆಸರಿನಲ್ಲಿ ತೋರಿಸಿ ಚಾಳಗಳನ್ನೂ ಮಾಳಿಗೆಗಳನ್ನೂ ಎಬ್ಬಿಸುತ್ತಾನೆ. ರೂಮು ಕೊಂಡವನಿಗೆ ನೋಟರಿಯ ಮುದ್ರೆ ಬಿದ್ದ ಕಾಗದ, ವಿದ್ಯುತ್ತಿನ ಮೀಟರು, ಮನೆ ಕರದ ರಸೀದಿ. ಇಷ್ಟಿದ್ದರೆ ಸಾಕೆಂದು ನಮ್ಮವರು ನಂಬುತ್ತಾರೆ. ಅನಧಿಕೃತ ಕಟ್ಟಡದ ಮೇಲೂ ಪಾಲಿಕೆಗಳು ಕರ ವಸೂಲು ಮಾಡುತ್ತವೆ. ಕರ ಕೊಟ್ಟ ಮಾತ್ರಕ್ಕೆ ಕಟ್ಟಡ ಅಧಿಕೃತವಾಗುವುದಿಲ್ಲ. ನಾಲಾಸೋಪಾರಾದ ಪೂರ್ವಭಾಗದ ಅಗರವಾಲ ನಗರಿಯಲ್ಲಿ ೪೧ ಕಟ್ಟಡಗಳು ಎದ್ದು ನಿಂತಿದ್ದುದು ಕಸ ಹಾಕುವುದಕ್ಕೂ ಮಲಿನ ನೀರಿನ ಶುದ್ಧೀಕರಣಕ್ಕೂ ಮೀಸಲಿಟ್ಟ ಜಾಗದ ಮೇಲೆ. ೨೦೨೪ರಲ್ಲಿ ಉಚ್ಚ ನ್ಯಾಯಾಲಯವು ಅವನ್ನು ಕೆಡವಲು ಅಪ್ಪಣೆ ಮಾಡಿತು. ೨೦೨೫ರ ಆರಂಭದಲ್ಲಿ ಕೆಡವುವ ಕೆಲಸ ಮುಗಿಯಿತು. ಎರಡು ಸಾವಿರಕ್ಕೂ ಮೇಲ್ಪಟ್ಟ ಕುಟುಂಬಗಳು ಪಾತ್ರೆಪರಟಿಗಳೊಡನೆ ಬೀದಿಗೆ ಬಂದವು. ಆಯುಷ್ಯದ ಉಳಿತಾಯವನ್ನು ಸುರಿದವರು ಅವರು. ಕಟ್ಟಿ ಮಾರಿದವರ ಲಾಭ ಆ ವೇಳೆಗಾಗಲೇ ಎಲ್ಲಿಗೆ ಸಲ್ಲಬೇಕೋ ಅಲ್ಲಿಗೆ ಸಂದಿತ್ತು.

ಆದ್ದರಿಂದ ಮುಂಗಡ ಕೊಡುವ ಮುನ್ನ ವಾಚಕರು ಒಂದು ದಿನದ ರಜೆಯನ್ನು ಕಳೆದುಕೊಂಡರೂ ಅಡ್ಡಿಯಿಲ್ಲ, ತಲಾಠಿಯ ಕಚೇರಿಗೂ ಪಾಲಿಕೆಯ ನಗರರಚನೆ ವಿಭಾಗಕ್ಕೂ ಹೋಗಿಬರಬೇಕು. ಸಾತ್‌ಬಾರಾವನ್ನಂತೂ ಸರಕಾರದ ಮಹಾಭೂಲೇಖದಲ್ಲಿ ಮೊಬೈಲಿನಿಂದಲೇ ನೋಡಬಹುದು. ಜಮೀನು ಯಾವುದಕ್ಕಾದರೂ ಮೀಸಲಾಗಿದೆಯೇ ಎಂಬುದನ್ನು ಪಾಲಿಕೆಯಲ್ಲಿ ಕೇಳಬೇಕು. ಪೂರ್ವದ ಕಡೆಯ ಹಳ್ಳಿಗಳಲ್ಲಾದರೆ ಆದಿವಾಸಿಗಳ ಜಮೀನು ಹೌದೋ ಅಲ್ಲವೋ ಎಂಬುದು ಮುಖ್ಯ. ಆದಿವಾಸಿಯ ಜಮೀನು ಕಲೆಕ್ಟರರ ಅನುಮತಿಯಿಲ್ಲದೆ ಇತರರಿಗೆ ಸಲ್ಲದೆಂದು ಮಹಾರಾಷ್ಟ್ರದ ೧೯೬೬ರ ಭೂಕಂದಾಯ ಸಂಹಿತೆ ವಿಧಿಸುತ್ತದೆ. ಬೇಸಾಯದ ಜಮೀನನ್ನು ಬೇಸಾಯಗಾರನಲ್ಲದವನು ಅನುಮತಿಯಿಲ್ಲದೆ ಕೊಳ್ಳುವುದಕ್ಕೂ ೧೯೪೮ರ ಗೇಣಿ ಕಾಯಿದೆಯ ತಡೆ ಸಾಮಾನ್ಯವಾಗಿ ಇದ್ದೇ ಇದೆ. ಕರ್ನಾಟಕದಲ್ಲಿ ಅಂಥ ನಿರ್ಬಂಧವನ್ನು ೨೦೨೦ರಲ್ಲಿ ಸಡಿಲಿಸಿದರೆಂದು ಊರಿನ ಸುದ್ದಿ ಕೇಳಿ ಇಲ್ಲಿಯೂ ಹಾಗೆಯೇ ಎಂದು ತಿಳಿದುಬಿಡಬಾರದು.

ಜೀವದ ರಕ್ಷಣೆಯ ಮಾತಿಗೆ ಬಂದರೆ ಹಳ್ಳಿಯವರ ಕಾವಲು ಮೊದಲಿನಿಂದಲೂ ಕಣ್ಣುಗಳದೇ. ಅಪರಿಚಿತನು ಓಣಿಯೊಳಗೆ ಕಾಲಿಟ್ಟರೆ ಯಾವ ಮನೆಗೆ ಬಂದೆಯೆಂದು ಜಗಲಿಯ ಮೇಲಿನ ಮುದುಕಿ ಕೇಳುತ್ತಿದ್ದಳು. ನಮ್ಮಲ್ಲಿ ಪಟೇಲ, ತಳವಾರರಿದ್ದಂತೆ ಇಲ್ಲಿ ಪಾಟೀಲನಿದ್ದನು. ವಂಶಪಾರಂಪರ್ಯದ ಪಾಟೀಲಿಕೆ ೧೯೬೨ರ ಕಾಯಿದೆಯಿಂದ ಹೋಯಿತು. ೧೯೬೭ರ ಕಾಯಿದೆಯ ಪೋಲೀಸು ಪಾಟೀಲನನ್ನು ಸರಕಾರವೇ ನೇಮಿಸುತ್ತದೆ. ಅಪರಾಧ, ಅನುಮಾನದ ಸಾವು ಇವುಗಳ ಸುದ್ದಿಯನ್ನು ಮೇಲಕ್ಕೆ ಮುಟ್ಟಿಸುವುದು ಅವನ ಕೆಲಸ. ಆದರೆ ಒಂದು ಊರಿನ ಪಕ್ಕದಲ್ಲಿ ಹತ್ತು ಊರಿನಷ್ಟು ಜನ ಬಂದು ನೆಲೆಸಿದ ಮೇಲೆ ಅಪರಿಚಿತನು ಯಾರು? ೨೦೨೦ರ ಅಕ್ಟೋಬರದಿಂದ ಮೀರಾ ಭಾಯಂದರ, ವಸಯಿ ವಿರಾರುಗಳಿಗೆ ಕೂಡಿ ಪ್ರತ್ಯೇಕ ಪೋಲೀಸು ಆಯುಕ್ತಾಲಯವೇ ಬಂದಿದೆ. ಇದು ಬೇಕಾಗಿದ್ದ ಏರ್ಪಾಡು.

ಆದರೂ ಕಳ್ಳನಿಗಿಂತ ಕಂಬವೇ ಇಲ್ಲಿ ಹೆಚ್ಚು ಭಯಂಕರವೆಂದು ನಮಗೆ ತೋರುತ್ತದೆ. ೨೦೧೩ರ ಎಪ್ರಿಲ ೪ರಂದು ಠಾಣೆಯ ಶೀಳದಲ್ಲಿ ಇನ್ನೂ ಕಟ್ಟುತ್ತಿದ್ದ ಅಕ್ರಮ ಕಟ್ಟಡವು ಕುಸಿದು ೭೪ ಜನ ಸತ್ತರು. ೨೦೨೫ರ ಅಗಸ್ಟದ ಕೊನೆಯ ವಾರದಲ್ಲಿ ವಿರಾರಿನ ಪೂರ್ವಕ್ಕೆ ರಮಾಬಾಯಿ ಅಪಾರ್ಟ್‌ಮೆಂಟಿನ ಒಂದು ಭಾಗ ರಾತ್ರಿಯಲ್ಲಿ ಕುಸಿಯಿತು. ೧೭ ಜೀವಗಳು ಹೋದುವು. ಅದು ಮುದಿ ಕಟ್ಟಡವಲ್ಲ, ಎದ್ದು ಹದಿನೈದು ವರ್ಷವೂ ಆಗಿರಲಿಲ್ಲ. ಅದೂ ಅನುಮತಿಯಿಲ್ಲದ್ದು. ಒಂದು ಮಗುವಿನ ಮೊದಲ ಹುಟ್ಟುಹಬ್ಬಕ್ಕೆಂದು ಆ ರಾತ್ರಿ ಅಲ್ಲಿ ಜನ ಕೂಡಿದ್ದರು.

ಹಳ್ಳಿಯವರಾದರೂ ಸುಮ್ಮನೆ ಕುಳಿತವರಲ್ಲ. ೧೯೯೦ರಲ್ಲಿ ಸಿಡ್ಕೋ ಸಂಸ್ಥೆಗೆ ಈ ಪ್ರದೇಶದ ರಚನೆಯ ಅಧಿಕಾರ ಬಂದ ಕಾಲದಲ್ಲಿ, ಮುಂದೆ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಲನದ ಅಧ್ಯಕ್ಷರಾದ ಫಾದರ್ ಫ್ರಾನ್ಸಿಸ್ ದಿಬ್ರಿಟೋ ಅವರು ಹರಿತ ವಸಯಿ ಸಂರಕ್ಷಣ ಸಮಿತಿಯ ಮೂಲಕ ವಾಡಿಗಳ ಪರವಾಗಿ ನಿಂತರು. ಬಾವಿಗಳ ನೀರನ್ನು ಟ್ಯಾಂಕರುಗಳು ಹೀರಿಕೊಂಡು ಹೋಗುವುದರ ವಿರುದ್ಧ ಕೂಗೆದ್ದಿತು. ೨೦೦೯ರಲ್ಲಿ ನಾಲ್ಕು ಪುರಸಭೆಗಳನ್ನೂ ೫೩ ಹಳ್ಳಿಗಳನ್ನೂ ಕೂಡಿಸಿ ವಸಯಿ ವಿರಾರ ಮಹಾನಗರಪಾಲಿಕೆಯನ್ನು ಮಾಡಿದಾಗ ಹಳ್ಳಿಗಳು ಸಿಡಿದೆದ್ದವು. ೨೦೧೧ರಲ್ಲಿ ಸರಕಾರವು ೨೯ ಹಳ್ಳಿಗಳನ್ನು ಹೊರಗಿಡಲು ನಿರ್ಧರಿಸಿತು. ಮಾತು ಉಚ್ಚ ನ್ಯಾಯಾಲಯಕ್ಕೆ ಹೋಗಿ ವರ್ಷಗಟ್ಟಲೆ ನಿಂತಿತು. ಇವರು ಹೊರಗಿನವರನ್ನು ಕಂಡರಾಗದವರೆಂದು ನಮ್ಮಲ್ಲಿ ಕೆಲವರು ಆಡಿಕೊಳ್ಳುವುದುಂಟು. ಆ ಮಾತು ಅನ್ಯಾಯವಾದುದು. ಗದ್ದೆಗೂ ಉಪ್ಪಿನ ಆಗರಕ್ಕೂ ಮಣ್ಣು ತುಂಬಿ ಕಟ್ಟಡವೆಬ್ಬಿಸಿದರೆ ಮಳೆಯ ನೀರು ಹರಿಯುವುದೆಲ್ಲಿಗೆ? ೨೦೧೮ರ ಜುಲೈ ತಿಂಗಳಲ್ಲಿ ವಸಯಿ, ನಾಲಾಸೋಪಾರಾಗಳ ಹಳಿಗಳು ಮುಳುಗಿ ಗಾಡಿಗಳೇ ನಿಂತಾಗ ನೆಲಮಹಡಿಯ ರೂಮಿನವರೂ ವಾಡಿಯವರೂ ಒಂದೇ ನೀರಿನಲ್ಲಿ ನಿಂತಿದ್ದರು.

ಇನ್ನೊಂದು ಹಳ್ಳಿಯ ಮಾತನ್ನು ಬಿಡಲಾಗದು. ಭಾಯಂದರ ನಾಯಗಾಂವಗಳ ನಡುವೆ ಖಾಡಿಯ ಮಧ್ಯದಲ್ಲಿ ಪಾಣಜೂ ಎಂಬ ದ್ವೀಪವಿದೆ. ನಮ್ಮ ಗಾಡಿ ಅದರ ಮೇಲೆಯೇ ಹಾದುಹೋಗುತ್ತದೆ, ಆದರೆ ಅಲ್ಲಿ ನಿಲ್ಲುವುದಿಲ್ಲ. ಊರಿನವರಿಗೆ ದೋಣಿಯೇ ಗತಿ. ದೋಣಿ ನಿಂತ ದಿನ ರೈಲಿನ ಸೇತುವೆಯ ಅಂಚಿನಲ್ಲಿಯೇ ನಡೆಯಬೇಕು. ಗಾಡಿಯಲ್ಲಿ ಹೋಗುವ ಭಕ್ತರು ಪೂಜೆಯ ನಿರ್ಮಾಲ್ಯವನ್ನೂ ತೆಂಗಿನಕಾಯಿಗಳನ್ನೂ ಬಾಗಿಲಿನಿಂದಲೇ ಖಾಡಿಗೆ ಎಸೆಯುವುದನ್ನು ನಾವೆಲ್ಲ ಕಂಡವರೇ. ನಮ್ಮವರ ಕೈಯೂ ಅದರಲ್ಲಿ ಇಲ್ಲವೆಂದು ಹೇಳಲಾಗದು. ೨೦೨೫ರ ಸೆಪ್ಟೆಂಬರದಲ್ಲಿ ಹಾಗೆ ಓಡುವ ಗಾಡಿಯಿಂದ ಎಸೆದ ಒಂದು ತೆಂಗಿನಕಾಯಿ ಸೇತುವೆಯ ಮೇಲೆ ನಡೆದು ಹೋಗುತ್ತಿದ್ದ ಪಾಣಜೂವಿನ ಯುವಕನೊಬ್ಬನ ತಲೆಗೆ ಬಡಿದು ಅವನು ಅಸುನೀಗಿದನು. ಹವೆ ಕೆಟ್ಟು ಆ ದಿನ ದೋಣಿ ನಿಂತಿತ್ತು. ಅವನೂ ನಮ್ಮಂತೆಯೇ ಕೆಲಸಕ್ಕೆ ಹೊರಟವನು.